‘ಮ್ಯಾಪ್ ಓಪನ್ ಆಗ್ತಿಲ್ಲ’: ನಕ್ಷೆ ಹಂಚುವ ಸೇವೆಯನ್ನು ಬಳಕೆದಾರರ ಮಾತು ಕೇಳಿ ಸರಿಪಡಿಸುವ ಬಗೆ

ನಕ್ಷೆ ಹಂಚುವ ಸಣ್ಣ ಸೇವೆಯೊಂದನ್ನು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ನನಗೆ ಬಂದ ದೂರೊಂದು ಇಷ್ಟೇ ಇತ್ತು: ‘ಮ್ಯಾಪ್ ಓಪನ್ ಆಗ್ತಿಲ್ಲ, ನೋಡಿ.’ ನೋಡಿದೆವು. ನಮ್ಮಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತಿತ್ತು. ಸರ್ವರ್ ಲಾಗ್ ಜಾಲಾಡಿದೆವು, ಬ್ರೌಸರ್ ಬದಲಿಸಿದೆವು, ಹಳೆಯ ಫೋನೊಂದನ್ನು ಹುಡುಕಿ ತಂದು ಅದರಲ್ಲೂ ತೆರೆದೆವು. ಮೂರನೇ ದಿನ ಅವರಿಂದ ಸ್ಕ್ರೀನ್‌ಶಾಟ್ ತರಿಸಿಕೊಂಡಾಗ ವಿಷಯ ಗೊತ್ತಾಯಿತು. ನಕ್ಷೆ ತೆರೆದೇ ಇತ್ತು. ಆದರೆ ಪರದೆ ತುಂಬ ಬರೀ ನೀಲಿ. ಅವರು ಏರಿಸಿದ ಪಟ್ಟಿಯ ಮೊದಲ ಸಾಲಿನಲ್ಲಿ ಅಕ್ಷಾಂಶ, ರೇಖಾಂಶ ಎರಡೂ ಖಾಲಿ. ನಮ್ಮ ಪ್ರೋಗ್ರಾಮ್ ಆ ಖಾಲಿಯನ್ನು ಸೊನ್ನೆ ಎಂದು ಓದಿಕೊಂಡಿತ್ತು. ಸೊನ್ನೆಗೆ ಸೊನ್ನೆ ಸೇರುವ ಆ ಬಿಂದು ಇರುವುದು ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಗಿನಿ ಕೊಲ್ಲಿಯ ನಡುನೀರಿನಲ್ಲಿ. ನಕ್ಷೆಯ ಕೆಲಸದವರು ತಮಾಷೆಗೆ ಅದನ್ನು ‘ನಲ್ ಐಲ್ಯಾಂಡ್’ ಎನ್ನುತ್ತಾರೆ. ಹಂಚಿದ ಲಿಂಕ್ ಮೊದಲ ಪಿನ್‌ನ ಮೇಲೆಯೇ ತೆರೆಯಬೇಕೆಂದು ನಾವೇ ಮಾಡಿದ್ದೆವು, ಹಾಗಾಗಿ ನೋಡಿದವರೆಲ್ಲ ಸಮುದ್ರಕ್ಕೆ ಬೀಳುತ್ತಿದ್ದರು. ನಾವು ಮಾತ್ರ ನಿರ್ವಾಹಕರ ಪುಟದಿಂದ ಒಳಹೊಕ್ಕು, ಎಲ್ಲ ಪಿನ್‌ಗಳನ್ನೂ ನೆಟ್ಟಗೆ ಕಂಡು, ‘ಇಲ್ಲಿ ಸರಿಯಾಗಿದೆಯಲ್ಲ’ ಎಂದುಕೊಳ್ಳುತ್ತಿದ್ದೆವು.

ಅವರು ಹೇಳಿದ್ದು ಸುಳ್ಳಲ್ಲ, ಕಂಡದ್ದನ್ನೇ ಹೇಳಿದ್ದರು. ನಾವು ಕೇಳಬೇಕಾದದ್ದನ್ನು ಕೇಳಿರಲಿಲ್ಲ. ಬೇರೆ ಜಾಲತಾಣವಾದರೆ ಪುಟದ ವಿಳಾಸ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನಕ್ಷೆಯಲ್ಲಿ ಹಾಗಲ್ಲ, ಒಂದೇ ವಿಳಾಸದೊಳಗೆ ಇಡೀ ಭೂಮಿ ಇದೆ. ಅದರ ಯಾವ ಮೂಲೆಯಲ್ಲಿ, ಎಷ್ಟು ಎತ್ತರದಿಂದ, ಯಾವ ಲೇಯರ್ (ನಕ್ಷೆಯ ಮೇಲೆ ಹೊದಿಸುವ ಮಾಹಿತಿಯ ಪದರ) ಹಾಕಿಕೊಂಡು ನೋಡುತ್ತಿದ್ದರು ಎಂಬುದು ತಿಳಿಯದೆ ದೂರಿಗೆ ಅರ್ಥವೇ ಹುಟ್ಟುವುದಿಲ್ಲ. ನಕ್ಷೆಯ ದೂರಿಗೂ ಅಕ್ಷಾಂಶ ರೇಖಾಂಶ ಬೇಕು. ಮುಂದಿನ ಹಂತಗಳಲ್ಲಿ ಬಹುಪಾಲು ಈ ಮಾತಿನಿಂದಲೇ ಹುಟ್ಟಿದವು.

ಹಂತ 1: ಮಾತಾಡುತ್ತಿರುವುದು ಯಾರು?

ನಕ್ಷೆ ಹಂಚುವ ಸೇವೆಗೆ ‘ಬಳಕೆದಾರ’ ಎಂಬ ಒಬ್ಬನೇ ವ್ಯಕ್ತಿ ಇಲ್ಲ. ನಕ್ಷೆ ಮಾಡುವವರು ಒಂದು ಗುಂಪು. ಇವರಿಗೆ ಖಾತೆ ಇದೆ, ಇವರು ದಿನವೂ ಬರುತ್ತಾರೆ, ಬಾಯಿ ತುಂಬ ಮಾತಾಡುತ್ತಾರೆ. ಲಿಂಕ್ ಒತ್ತಿ ಬಂದು ನೋಡಿ ಹೋಗುವವರು ಇನ್ನೊಂದು ಗುಂಪು. ಸಂಖ್ಯೆಯಲ್ಲಿ ಇವರೇ ಹೆಚ್ಚು, ಆದರೆ ದೂರು ಕೊಡುವವರು ಕಡಿಮೆ. ಸರಿ ಕಾಣದಿದ್ದರೆ ಮುಚ್ಚಿ ಹೊರಟುಬಿಡುತ್ತಾರೆ, ಇಲ್ಲವೇ ಲಿಂಕ್ ಕಳಿಸಿದವರನ್ನು ಬೈಯುತ್ತಾರೆ. ಆ ಬೈಗುಳ ಮೂರನೇ ಬಾಯಿಗೆ ಬಂದು, ‘ನಮ್ಮವರಿಗೆ ಕಾಣ್ತಿಲ್ವಂತೆ’ ಎಂಬ ರೂಪದಲ್ಲಿ ನಿಮಗೆ ತಲುಪುತ್ತದೆ. ‘ಅಂತೆ’ ಇರುವ ದೂರು ಬಂದಾಗ ಕಳಿಸಿದವರನ್ನು ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಅವರು ಮುಂದಕ್ಕೆ ಕಳಿಸಬಹುದಾದ ದೂರಿನ ಲಿಂಕೊಂದನ್ನು ಕೊಡಿ.

ಮೂರನೆಯವರನ್ನು ಹೆಚ್ಚಿನ ಸೇವೆಗಳು ಮರೆತೇಬಿಡುತ್ತವೆ. ಅವರು ನಕ್ಷೆ ಮಾಡಿದವರೂ ಅಲ್ಲ, ನೋಡಿದವರೂ ಅಲ್ಲ. ಅವರ ಮನೆ, ಅವರ ಹಾದಿ, ಅವರ ಫೋನ್ ನಂಬರ್ ಯಾರದ್ದೋ ನಕ್ಷೆಯಲ್ಲಿ ಪಿನ್ ಆಗಿ ಕೂತಿದೆ. ವ್ಯಾಯಾಮದ ಆ್ಯಪ್ ಸ್ಟ್ರಾವಾ 2017ರ ನವೆಂಬರಿನಲ್ಲಿ ತನ್ನ ಬಳಕೆದಾರರ ಓಟದ ಹಾದಿಗಳನ್ನೆಲ್ಲ ಒಟ್ಟುಗೂಡಿಸಿ ಜಗತ್ತಿನ ‘ಹೀಟ್‌ಮ್ಯಾಪ್’ (ಓಡಾಟ ಹೆಚ್ಚಿದ್ದಷ್ಟೂ ಹೆಚ್ಚು ಹೊಳೆಯುವ ನಕ್ಷೆ) ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. ಆದರೂ 2018ರ ಜನವರಿಯಲ್ಲಿ ಜನ ಅದನ್ನು ಹಿಗ್ಗಿಸಿ ನೋಡಿದಾಗ, ನಿರ್ಜನ ಪ್ರದೇಶಗಳಲ್ಲಿ ಹೊಳೆಯುವ ಗೆರೆಗಳು ಸೇನಾ ನೆಲೆಗಳ ಒಳದಾರಿಗಳನ್ನು ತೋರಿಸುತ್ತಿರುವುದು ಬಯಲಾಯಿತು. ಖಾತೆ ಇಲ್ಲದವರೂ ‘ಇದನ್ನು ತೆಗೆಯಿರಿ’ ಎಂದು ಹೇಳಲು ನಿಮ್ಮಲ್ಲಿ ಒಂದು ಬಾಗಿಲು ಇರಬೇಕು, ಮತ್ತು ಆ ಬಾಗಿಲಿಗೆ ಬಂದದ್ದನ್ನು ಅದೇ ದಿನ ಒಬ್ಬ ಮನುಷ್ಯ ಓದಬೇಕು.

ಹಂತ 2: ದೂರಿನ ಬಟನ್ ನಕ್ಷೆಯ ಮೇಲೆಯೇ ಇರಲಿ

‘ನಮ್ಮನ್ನು ಸಂಪರ್ಕಿಸಿ’ ಪುಟಕ್ಕೆ ಹೋಗುವಷ್ಟರಲ್ಲಿ ಬಳಕೆದಾರ ನೋಡುತ್ತಿದ್ದ ಜಾಗ ಕಳೆದುಹೋಗಿರುತ್ತದೆ. ಆದ್ದರಿಂದ ಬಟನ್ ನಕ್ಷೆಯ ಅಂಚಿನಲ್ಲಿ, ಝೂಮ್ ಗುಂಡಿಗಳ ಆಸುಪಾಸಿನಲ್ಲಿ ಇರಲಿ. ಒತ್ತಿದಾಗ ನಕ್ಷೆ ಮರೆಯಾಗಬಾರದು. ಪಕ್ಕದಿಂದ ಅಥವಾ ಕೆಳಗಿನಿಂದ ಸಣ್ಣ ಫಾರ್ಮ್ ಬರಲಿ. ‘ತೊಂದರೆ ಇರುವ ಜಾಗವನ್ನು ಮುಟ್ಟಿ ತೋರಿಸಿ’ ಎಂಬುದು ಅದರ ಮೊದಲ ಸಾಲಾಗಿರಲಿ. ಇದು ಹೊಸ ಉಪಾಯವೇನಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ರಸ್ತೆ ಗುಂಡಿಯ ದೂರನ್ನು ನಕ್ಷೆಯ ಮೇಲೆಯೇ ಹಾಕಿಸಿತು. ಜನರೇ ಸೇರಿ ಬಿಡಿಸಿ ತಿದ್ದುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ 2013ರಲ್ಲಿ ತಂದ ‘ನೋಟ್ಸ್’ ಸೌಲಭ್ಯವೂ ಅದೇ ಜಾಡಿನದು: ತಪ್ಪು ಕಂಡವರು ಜಾಗದ ಮೇಲೆ ಒಂದು ಗುರುತು ಹಾಕಿ ಒಂದು ಸಾಲು ಬರೆಯುತ್ತಾರೆ, ನಕ್ಷೆ ತಿದ್ದಲು ಬಲ್ಲವರು ಬಂದು ಸರಿಪಡಿಸಿ ಅದನ್ನು ಮುಚ್ಚುತ್ತಾರೆ.

ಫಾರ್ಮಿನಲ್ಲಿ ಕೇಳಬೇಕಾದದ್ದು ಎರಡೇ ಪ್ರಶ್ನೆ. ಏನು ಮಾಡಲು ಹೊರಟಿದ್ದಿರಿ? ಏನಾಯಿತು? ಉತ್ತರ ಬೇಕಿದ್ದರೆ ಇಮೇಲ್ ಹಾಕಬಹುದು, ಕಡ್ಡಾಯವಲ್ಲ. ಐದು ನಕ್ಷತ್ರಗಳ ಸಾಲನ್ನು ಇಲ್ಲಿ ಇಡಬೇಡಿ. ‘ಎರಡು ನಕ್ಷತ್ರ’ ಎಂದು ತಿಳಿದು ನೀವು ಸರಿಪಡಿಸುವುದಾದರೂ ಏನನ್ನು?

ಉಳಿದದ್ದನ್ನು ಬಳಕೆದಾರರ ಕೈಲಿ ಬರೆಸಬೇಡಿ, ಫಾರ್ಮೇ ತುಂಬಿಕೊಳ್ಳಲಿ: ಪರದೆಯ ನಡುಬಿಂದು, ಝೂಮ್ ಮಟ್ಟ, ಆನ್ ಆಗಿದ್ದ ಲೇಯರ್‌ಗಳು, ನಕ್ಷೆಯ ಗುರುತು ಸಂಖ್ಯೆ ಮತ್ತು ಆವೃತ್ತಿ, ಪರದೆಯ ಅಳತೆ, ಬ್ರೌಸರ್, ಭಾಷೆ. ಇವುಗಳ ಜೊತೆ ಇನ್ನೊಂದು, ಬಹಳ ಜನ ಬಿಟ್ಟುಬಿಡುವಂಥದ್ದು: ನಕ್ಷೆ ನೇರವಾಗಿ ತೆರೆದಿತ್ತೋ, ಬೇರೊಂದು ತಾಣದೊಳಗೆ ಕೂರಿಸಿದ್ದೋ, ಮೆಸೇಜ್ ಆ್ಯಪಿನ ಒಳಗಿನ ಬ್ರೌಸರಿನಲ್ಲೋ? ಒಂದೇ ಫೋನಿನಲ್ಲಿ ಈ ಮೂರೂ ಮೂರು ಬಗೆಯಾಗಿ ನಡೆದುಕೊಳ್ಳುತ್ತವೆ. ಆ್ಯಪಿನ ಒಳಗಿನ ಬ್ರೌಸರ್ ಸ್ಥಳ ತಿಳಿಯುವ ಅನುಮತಿಯನ್ನು ಕೇಳದೆಯೇ ನಿರಾಕರಿಸುವುದುಂಟು. ‘ನಾನಿರುವ ಜಾಗ ತೋರಿಸ್ತಿಲ್ಲ’ ಎಂಬ ದೂರು ಬಂದರೆ ನಾನು ಮೊದಲು ನೋಡುತ್ತಿದ್ದುದು ಇದನ್ನೇ.

ಇಲ್ಲಿ ಎರಡು ಎಚ್ಚರಿಕೆ. ಪರದೆಯ ನಡುಬಿಂದು ಬೇರೆ, ಬಳಕೆದಾರ ನಿಂತಿರುವ ಜಾಗ ಬೇರೆ. ಮೊದಲನೆಯದು ನಿಮಗೆ ಬೇಕು, ಎರಡನೆಯದು ಬಹುತೇಕ ಬೇಡ. ದಶಮಾಂಶದ ಆಚೆ ಐದು ಅಂಕಿ ಇಟ್ಟರೆ ಸುಮಾರು 1 ಮೀಟರ್ ನಿಖರತೆ, ಎರಡೇ ಅಂಕಿ ಇಟ್ಟರೆ ಸುಮಾರು 1 ಕಿಲೋಮೀಟರ್. ಮುಟ್ಟಿ ತೋರಿಸಿದ ಜಾಗಕ್ಕೆ ಐದು ಅಂಕಿ ಇರಲಿ. ಉಳಿದ ಕಡೆ ಎರಡಕ್ಕೇ ನಿಲ್ಲಿಸಿ. ಎರಡನೆಯ ಎಚ್ಚರಿಕೆ ಲಿಂಕಿನದು. ‘ಲಿಂಕ್ ಇದ್ದವರು ಮಾತ್ರ ನೋಡಬಹುದು’ ಎಂಬ ನಕ್ಷೆಯಲ್ಲಿ ಆ ಲಿಂಕೇ ಬೀಗದ ಕೈ. ದೂರಿನ ಜೊತೆ ಇಡೀ ಲಿಂಕ್ ಟಿಕೆಟ್ ವ್ಯವಸ್ಥೆಗೆ (ಬಂದ ದೂರುಗಳನ್ನು ತಂಡ ದಾಖಲಿಸಿಡುವ ಜಾಗ) ಹೋದರೆ, ಟಿಕೆಟ್ ಓದುವವರೆಲ್ಲರ ಕೈಗೂ ಆ ಕೀಲಿ ಸಿಕ್ಕಂತೆ. ನಕ್ಷೆಯ ಗುರುತು ಸಂಖ್ಯೆಯನ್ನು ಮಾತ್ರ ಕಳಿಸಿ, ಗುಟ್ಟಿನ ಭಾಗವನ್ನು ಕತ್ತರಿಸಿ. ಸ್ಕ್ರೀನ್‌ಶಾಟ್ ಸೇರಿಸುವ ಮೊದಲು ಬಳಕೆದಾರರಿಗೆ ಅದನ್ನು ತೋರಿಸಿ ಒಪ್ಪಿಗೆ ಪಡೆಯಿರಿ.

ಹಂತ 3: ಮಾತಿನಿಂದ ಕಾರಣಕ್ಕೆ

ಬಂದ ದೂರುಗಳನ್ನು ‘ಬಗ್’, ‘ಸಲಹೆ’ ಎಂದು ಎರಡು ರಾಶಿ ಮಾಡಿದರೆ ಏನೂ ತಿಳಿಯುವುದಿಲ್ಲ. ನಾನು ನಾಲ್ಕು ರಾಶಿ ಮಾಡುತ್ತೇನೆ: ಮಾಹಿತಿಯ ತಪ್ಪು, ಪರದೆಯ ಮೇಲೆ ಬಿಡಿಸುವಿಕೆಯ ತಪ್ಪು, ಹಂಚಿಕೆಯ ತಪ್ಪು, ವೇಗದ ತೊಂದರೆ. ಪ್ರತಿಯೊಂದನ್ನೂ ಸರಿಪಡಿಸುವವರು ಬೇರೆ ಬೇರೆ ಜನ. ಕಷ್ಟವೆಂದರೆ ಬಳಕೆದಾರರ ಮಾತು ಈ ರಾಶಿಗಳ ಹೆಸರು ಹೇಳಿಕೊಂಡು ಬರುವುದಿಲ್ಲ.

‘ಪಿನ್ ಎಲ್ಲೋ ಇದೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಎಷ್ಟು ದೂರ ತಪ್ಪಿದೆ ಎಂಬುದರಲ್ಲೇ ಕಾರಣದ ಸುಳಿವಿದೆ. ಬೇರೆ ಖಂಡಕ್ಕೋ ಸಮುದ್ರಕ್ಕೋ ಹೋಗಿದ್ದರೆ ಆ ನೀಲಿ ಪರದೆಯಂತೆ ಖಾಲಿ ಅಂಕಿ ಸೊನ್ನೆಯಾಗಿರಬಹುದು, ಇಲ್ಲವೇ ಅಕ್ಷಾಂಶ, ರೇಖಾಂಶ ಅದಲುಬದಲಾಗಿರಬಹುದು. ನಾವು ಬಾಯಲ್ಲಿ ಹೇಳುವುದು ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ. ನಕ್ಷೆಯ ಮಾಹಿತಿ ಬರೆದಿಡುವ ಜಿಯೋಜೇಸನ್ ಫೈಲಿನಲ್ಲಿ ರೇಖಾಂಶವೇ ಮೊದಲು, 2016ರ ಆರ್‌ಎಫ್‌ಸಿ 7946 ಎಂಬ ನಿಯಮಪತ್ರ ಅದನ್ನು ಖಡಾಖಂಡಿತವಾಗಿ ಹೇಳಿದೆ. ಈ ಒಂದು ಅದಲುಬದಲಿನಿಂದ ಹಾಳಾದ ಮಧ್ಯಾಹ್ನಗಳು ನಕ್ಷೆಯ ಕೆಲಸದವರೆಲ್ಲರ ಲೆಕ್ಕದಲ್ಲೂ ಇವೆ. ಕೆಲವು ನೂರು ಮೀಟರ್ ಸರಿದಿದ್ದರೆ ಅಳತೆಯ ಆಧಾರ ಬೇರೆಯಾಗಿರಬಹುದು: ಹಳೆಯ ಕಾಗದದ ನಕ್ಷೆಗಳಿಂದ ತೆಗೆದ ಬಿಂದುಗಳು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂಬ ಆಧಾರಕ್ಕೆ ತಾನಾಗಿ ಹೊಂದುವುದಿಲ್ಲ, ಚೀನಾದ ಜಿಸಿಜೆ-02 ಪದ್ಧತಿಯಂತೂ ಬೇಕೆಂದೇ ಜಾಗವನ್ನು ಸರಿಸುತ್ತದೆ. ಹತ್ತಾರು ಪಿನ್‌ಗಳು ಊರಿನ ನಟ್ಟನಡುವೆ ಒಂದರ ಮೇಲೊಂದು ಕೂತಿದ್ದರೆ, ವಿಳಾಸವನ್ನು ಬಿಂದುವಾಗಿಸುವ ಜಿಯೋಕೋಡಿಂಗ್ ಸೇವೆಗೆ ಬೀದಿ ಸಿಗದೆ ಊರಿನ ನಡುಬಿಂದುವನ್ನೇ ಕೊಟ್ಟು ಕೈತೊಳೆದುಕೊಂಡಿದೆ ಎಂದರ್ಥ. ಇಲ್ಲಿ ತಪ್ಪು ಜಿಯೋಕೋಡಿಂಗಿನದ್ದಾದರೂ, ‘ಇದು ಅಂದಾಜು ಜಾಗ’ ಎಂದು ಬಳಕೆದಾರರಿಗೆ ತಿಳಿಸದೆ ಖಚಿತವಾದ ಪಿನ್ ಬಿಡಿಸಿದ ಹೊಣೆ ನಿಮ್ಮದು.

‘ಪಿನ್ ಮಾಯವಾಗಿದೆ’ ಎಂದರೆ ಬಹುಪಾಲು ಮಾಯವಾಗಿರುವುದಿಲ್ಲ. ಗೊಂಚಲಿನೊಳಗೆ (ಹತ್ತಿರದ ಹಲವು ಪಿನ್‌ಗಳ ಬದಲು ಕಾಣುವ ಒಂದೇ ಗುರುತು) ಸೇರಿಕೊಂಡಿರುತ್ತದೆ, ಲೇಯರ್ ಆಫ್ ಆಗಿರುತ್ತದೆ, ಇಲ್ಲವೇ ಇನ್ನೊಂದು ಪಿನ್ ಅದರ ತಲೆಯ ಮೇಲೆ ಕೂತಿರುತ್ತದೆ. ಗೊಂಚಲಿನ ಮೇಲಿನ ‘12’ ಎಂಬ ಅಂಕಿ ಎಣಿಕೆ ಎಂದು ನಮಗೆ ಗೊತ್ತು. ಹೊಸಬರೊಬ್ಬರು ಅದನ್ನು ಮನೆ ನಂಬರ್ ಎಂದು ಓದಿದ್ದನ್ನು ನಾನೇ ಕಂಡಿದ್ದೇನೆ.

‘ಈ ರಸ್ತೆಯೇ ಇಲ್ಲ’ ಎಂಬುದು ತಳನಕ್ಷೆಯ, ಅಂದರೆ ಪಿನ್‌ಗಳ ಕೆಳಗೆ ಹಾಸಿರುವ ರಸ್ತೆ, ಊರುಗಳ ನಕ್ಷೆಯ ದೂರು. ನಿಮ್ಮ ತಳನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪಿನದ್ದಾದರೆ ರಸ್ತೆಯನ್ನು ಅಲ್ಲಿ ತಿದ್ದಬೇಕೇ ಹೊರತು ನಿಮ್ಮಲ್ಲಲ್ಲ. ‘ಅದು ನಮ್ಮ ಕೆಲಸವಲ್ಲ’ ಎಂದು ಉತ್ತರಿಸಿದರೆ ಬಳಕೆದಾರರಿಗೆ ಏನೂ ಅರ್ಥವಾಗದು, ಏಕೆಂದರೆ ಅವರ ಕಣ್ಣಿಗೆ ಎಲ್ಲವೂ ಒಂದೇ ನಕ್ಷೆ. ಅದೇ ಜಾಗಕ್ಕೆ ತೆರೆಯುವ ಅಲ್ಲಿನ ನೋಟ್ಸ್ ಲಿಂಕನ್ನು ಉತ್ತರದಲ್ಲೇ ಕೊಡಿ. ಅಲ್ಲಿ ಸರಿಯಾದ ಮೇಲೂ ನಿಮ್ಮ ಪರದೆಗೆ ಬರುವುದು ಟೈಲ್ (ತಳನಕ್ಷೆಯನ್ನು ಕತ್ತರಿಸಿದ ಚೌಕ ತುಂಡು) ಒದಗಿಸುವವರು ಯಾವಾಗ ಹೊಸದಾಗಿಸುತ್ತಾರೋ ಆಗ, ಕೆಲವೊಮ್ಮೆ ನಿಮಿಷಗಳಲ್ಲಿ, ಕೆಲವೊಮ್ಮೆ ವಾರಗಟ್ಟಲೆ ಕಾದು. ಅಲ್ಲಿಯವರೆಗೆ ಟಿಕೆಟ್ ಮುಚ್ಚಬೇಡಿ.

ಇನ್ನೊಂದು ದೂರನ್ನು ಲ್ಯಾಟಿನ್ ಲಿಪಿಯಲ್ಲೇ ಬದುಕುವ ತಂಡಗಳು ಗುರುತಿಸುವುದೇ ಇಲ್ಲ: ‘ಹೆಸರುಗಳು ಒಡೆದು ಕಾಣ್ತಿವೆ.’ ವೆಕ್ಟರ್ ಟೈಲ್ (ಚಿತ್ರವಾಗಿ ಬರದೆ ಬಳಕೆದಾರರ ಫೋನಿನಲ್ಲೇ ಬಿಡಿಸಿಕೊಳ್ಳುವ ಟೈಲ್) ಬಿಡಿಸುವ ಕೆಲವು ಲೈಬ್ರರಿಗಳು, ಅಂದರೆ ಸಿದ್ಧ ಪ್ರೋಗ್ರಾಮ್‌ಗಳು, ಒಂದೊಂದು ಅಕ್ಷರದ ಚಿತ್ರವನ್ನು ಬಿಡಿಬಿಡಿಯಾಗಿ ತಂದು ಸಾಲಾಗಿ ಜೋಡಿಸುತ್ತವೆ. ಒತ್ತಕ್ಷರ, ಗುಣಿತಗಳಿರುವ ಲಿಪಿಗಳಿಗೆ ಆ ಜೋಡಣೆ ಸಾಲದು. ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲಿ ನಿಂತುಬಿಡುತ್ತದೆ. ಸರ್ವರಿನಲ್ಲೇ ಚಿತ್ರವಾಗಿ ಬಿಡಿಸಿದ ಟೈಲ್‌ಗಳಲ್ಲಿ ಅದೇ ಹೆಸರು ಸರಿಯಾಗಿ ಬರಬಹುದು. ಇಂಥ ದೂರು ಬಂದರೆ ಸ್ಕ್ರೀನ್‌ಶಾಟನ್ನು ಆ ಲಿಪಿ ಓದಬಲ್ಲವರಿಗೇ ತೋರಿಸಿ. ಬೇರೆಯವರಿಗೆ ಅದು ಸರಿಯಾಗಿಯೇ ಕಾಣುತ್ತದೆ, ಕಷ್ಟ ಇರುವುದೇ ಅಲ್ಲಿ.

ಹಂತ 4: ಕೇಳಿದ್ದನ್ನೇ ಕೊಡಬೇಡಿ, ಪಕ್ಕದಲ್ಲಿ ಕೂತು ನೋಡಿ

ಪ್ರಿಂಟ್ ಬಟನ್ ಬೇಕೆಂದು ನಮ್ಮನ್ನು ಕೇಳಿದವರು ಒಬ್ಬಿಬ್ಬರಲ್ಲ. ಪ್ರಿಂಟ್ ಸಿಕ್ಕರೆ ಮುಂದೇನು ಮಾಡುತ್ತೀರಿ ಎಂದು ಕೇಳಿದಾಗ ಹೆಚ್ಚಿನವರ ಉತ್ತರ ಒಂದೇ: ನೆಟ್‌ವರ್ಕ್ ಇಲ್ಲದ ಕಡೆ ಹೋಗುತ್ತೇವೆ, ಕೈಲಿ ಇರಲಿ ಅಂತ. ಅವರಿಗೆ ಬೇಕಿದ್ದದ್ದು ಕಾಗದವಲ್ಲ, ನೆಟ್ ಇಲ್ಲದೆಯೂ ತೆರೆಯುವ ನಕ್ಷೆ. ಕಾಗದವೇ ಬೇಕಿದ್ದವರೂ ಕೆಲವರಿದ್ದರು, ಗೋಡೆಗೆ ಅಂಟಿಸಲು. ಅವರಿಗೆ ಅಳತೆಪಟ್ಟಿ ಮತ್ತು ದೊಡ್ಡ ಅಕ್ಷರ ಬೇಕಿತ್ತು. ಬೇಡಿಕೆ ಒಂದೇ, ಕೆಲಸ ಎರಡು. ಆದ್ದರಿಂದ ಪ್ರತಿ ಸಲಹೆಗೂ ‘ಅದು ಸಿಕ್ಕರೆ ಆಮೇಲೇನು ಮಾಡ್ತೀರಿ?’ ಎಂಬ ಒಂದು ಮರುಪ್ರಶ್ನೆ ಕಳಿಸಿ. ಉತ್ತರ ಕೊಡುವವರು ಕೆಲವರೇ ಆದರೂ ಆ ಕೆಲವೇ ಸಾಕು.

ಅದಕ್ಕಿಂತ ಒಳ್ಳೆಯದು ಬಳಸುವಾಗ ನೋಡುವುದು. ಒಬ್ಬ ಬಳಕೆದಾರನಿಂದ ಸರಾಸರಿ 31% ತೊಂದರೆಗಳು ಬೆಳಕಿಗೆ ಬರುತ್ತವೆ ಎಂಬ ಲೆಕ್ಕ ಹಿಡಿದು, ಐದು ಜನರಿಂದ ಸುಮಾರು 85% ಸಿಗುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದರು. ಆ ಅಂಕಿಯನ್ನು ಪ್ರಶ್ನಿಸಿದವರಿದ್ದಾರೆ, ನಾನೂ ಅದನ್ನು ಶಾಸನವೆಂದು ಹಿಡಿಯುವುದಿಲ್ಲ. ಆದರೆ ಶೂನ್ಯಕ್ಕೂ ಐದಕ್ಕೂ ಇರುವ ಅಂತರ ಐದಕ್ಕೂ ಐವತ್ತಕ್ಕೂ ಇರುವುದಕ್ಕಿಂತ ದೊಡ್ಡದು ಎಂಬುದು ಅನುಭವಕ್ಕೆ ಬಂದ ಮಾತು. ನಕ್ಷೆಯ ಸೇವೆಗಾದರೆ ಮಾಡುವವರು ಐದು, ನೋಡುವವರು ಐದು ಎಂದು ಬೇರೆಬೇರೆಯಾಗಿ ಕರೆಯಿರಿ.

ಕೊಡುವ ಕೆಲಸದಲ್ಲಿ ಬಟನ್ನಿನ ಹೆಸರು ಬರಬಾರದು. ‘ಶೇರ್ ಬಟನ್ ಒತ್ತಿ’ ಅಂದರೆ ಅದು ಪರೀಕ್ಷೆಯಲ್ಲ, ಪಾಠ. ‘ನಾಳೆ ಆರು ಜನ ಈ ಜಾಗಕ್ಕೆ ಬರಬೇಕು, ಅವರಿಗೆ ತಿಳಿಸಿ’ ಅನ್ನಿ, ಆಮೇಲೆ ಬಾಯಿ ಮುಚ್ಚಿ ಕೂತಿರಿ. ಹಾಗೆ ಕೂರುವುದೇ ಈ ಇಡೀ ಮಾರ್ಗದರ್ಶಿಯ ಅತಿ ಕಷ್ಟದ ಕೆಲಸ. ಪುಟವೊಂದರ ನಡುವೆ ಕೂರಿಸಿದ ನಕ್ಷೆಯನ್ನು ಫೋನಿನಲ್ಲಿ ನೋಡುವವರ ಬೆರಳನ್ನು ಗಮನಿಸಿ: ಪುಟ ಸರಿಸಲು ಹೋದವರ ಕೈಗೆ ನಕ್ಷೆ ಸಿಕ್ಕಿಕೊಂಡು, ಪುಟ ಅಲ್ಲೇ ನಿಂತು, ನಕ್ಷೆ ಬೇರೆ ಊರಿಗೆ ಹೋಗಿರುತ್ತದೆ. ಇದನ್ನು ಯಾರೂ ದೂರಾಗಿ ಬರೆಯುವುದಿಲ್ಲ, ತಮ್ಮ ಕೈಯೇ ತಪ್ಪಿತು ಎಂದುಕೊಳ್ಳುತ್ತಾರೆ. ನಕ್ಷೆ ಸರಿಸಲು ಎರಡು ಬೆರಳು ಬೇಕು, ಒಂದು ಬೆರಳಿಗೆ ಪುಟವೇ ಸರಿಯಲಿ ಎಂಬ ಆಯ್ಕೆ ಗೂಗಲ್ ಮ್ಯಾಪ್ಸ್ ಸೇರಿದಂತೆ ಹಲವು ಲೈಬ್ರರಿಗಳಲ್ಲಿ ಸಿದ್ಧವಾಗಿಯೇ ಇದೆ.

ಹಂತ 5: ಹಂಚಿಕೆಯ ಮಾತುಗಳನ್ನು ಪರೀಕ್ಷಿಸಿ

ಪಿನ್ ತಪ್ಪಾದರೆ ಮುಜುಗರ; ಹಂಚಿಕೆ ತಪ್ಪಾದರೆ ಅಪಾಯ. ಆದರೂ ಹಂಚಿಕೆಯ ಪರದೆಯ ಮೇಲಿನ ಪದಗಳನ್ನು ತಂಡದ ಎಂಜಿನಿಯರ್ ಒಂದು ಸಂಜೆ ಬರೆದಿಟ್ಟದ್ದು ವರ್ಷಗಟ್ಟಲೆ ಹಾಗೇ ಇರುತ್ತದೆ. ‘ಪಬ್ಲಿಕ್’ ಎಂದರೆ ಏನು? ಲಿಂಕ್ ಸಿಕ್ಕವರೇ, ಹುಡುಕಿದವರೆಲ್ಲರೇ, ನಮ್ಮ ತಾಣದ ಸದಸ್ಯರೇ? ಐದು ಜನರನ್ನು ಕೇಳಿದರೆ ಮೂರು ಉತ್ತರ ಬರುತ್ತದೆ.

ಮಾಡಬೇಕಾದದ್ದು ಸರಳ. ಹಂಚಿದ ಮೇಲೆ ಪರೀಕ್ಷೆಗೆ ಕೂತವರನ್ನು ಕೇಳಿ: ‘ಈಗ ಇದನ್ನು ಯಾರ್‍ಯಾರು ನೋಡಬಹುದು? ಯಾರ್‍ಯಾರು ತಿದ್ದಬಹುದು?’ ಉತ್ತರ ತಪ್ಪಾದರೆ ತಪ್ಪಿದ್ದು ಪದ, ಮನುಷ್ಯರಲ್ಲ. ಪದವೊಂದರ ಬದಲು ಇಡೀ ವಾಕ್ಯ ಬರೆಯಿರಿ: ‘ಈ ಲಿಂಕ್ ಯಾರ ಕೈಗೆ ಸಿಕ್ಕರೂ ಅವರು ನೋಡಬಹುದು, ತಿದ್ದಲಾಗದು.’ ತಿದ್ದುವ ಲಿಂಕನ್ನೂ ನೋಡುವ ಲಿಂಕನ್ನೂ ಒಂದೇ ಪೆಟ್ಟಿಗೆಯಲ್ಲಿ ಒಂದರ ಕೆಳಗೊಂದು ಇಡಬೇಡಿ. ಕಾಪಿ ಮಾಡುವ ಆತುರದಲ್ಲಿ ಕೈ ತಪ್ಪುವುದು ಖಂಡಿತ. ‘ಬೇರೆಯವರಿಗೆ ಹೇಗೆ ಕಾಣುತ್ತದೆ’ ಎಂದು ತೋರಿಸುವ ಬಟನ್ ಇರಲಿ. ಅದು ನಮ್ಮಲ್ಲಿದ್ದಿದ್ದರೆ ಆ ನೀಲಿ ಪರದೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಹಂಚಿಕೆ ವಾಪಸ್ ತೆಗೆದುಕೊಳ್ಳುವ ಬಗ್ಗೆಯೂ ನಿಜ ಹೇಳಿ. ಲಿಂಕ್ ಆಫ್ ಮಾಡಬಹುದು. ಆದರೆ ಅಷ್ಟರಲ್ಲಿ ಯಾರೋ ಕೆಎಂಎಲ್ ಅಥವಾ ಜಿಪಿಎಕ್ಸ್ ಫೈಲಾಗಿ ಇಳಿಸಿಕೊಂಡಿದ್ದರೆ ಆ ಪ್ರತಿ ನಿಮ್ಮ ಹಿಡಿತಕ್ಕೆ ಸಿಗದು. ಇಳಿಸಿಕೊಳ್ಳುವ ಅನುಮತಿಯನ್ನು ನೋಡುವ ಅನುಮತಿಯಿಂದ ಬೇರೆ ಮಾಡಿ, ಮೊದಲಿಗೆ ಆಫ್ ಇರಲಿ.

ಹಂತ 6: ಮೊದಲು ಯಾವುದು?

ಜಾಗ ಸಮೇತ ಬಂದ ದೂರುಗಳನ್ನು ಒಂದು ಲೇಯರ್ ಮಾಡಿ ನಿಮ್ಮದೇ ನಕ್ಷೆಯ ಮೇಲೆ ಹರಡಿ ನೋಡಿ. ನೋಡಿದ ಕೂಡಲೇ ದೊಡ್ಡ ಊರುಗಳ ಮೇಲೆ ಕೆಂಪು ರಾಶಿ ಕಾಣುತ್ತದೆ, ‘ಇಲ್ಲೇ ತೊಂದರೆ ಜಾಸ್ತಿ’ ಅನ್ನಿಸುತ್ತದೆ. ಅದು ಜನಸಂಖ್ಯೆಯ ನಕ್ಷೆ, ತೊಂದರೆಯದಲ್ಲ. ದೂರಿನ ಎಣಿಕೆಯನ್ನು ಆ ಜಾಗದಲ್ಲಿ ನಕ್ಷೆ ತೆರೆದ ಎಣಿಕೆಯಿಂದ ಭಾಗಿಸಿ. ಸಾವಿರ ಬಾರಿ ತೆರೆದರೆ ಎಷ್ಟು ದೂರು ಎಂಬುದು ಬೇಕಾದ ಅಂಕಿ. ಸಂದೇಶಗಳನ್ನು ಎಣಿಸುವ ಬದಲು ಜನರನ್ನು ಎಣಿಸಿ, ಏಕೆಂದರೆ ಒಬ್ಬರೇ ಹದಿನಾಲ್ಕು ಸಲ ಬರೆಯುವುದುಂಟು. ದೂರೇ ಇಲ್ಲದ ಖಾಲಿ ಪ್ರದೇಶಗಳನ್ನೂ ಅನುಮಾನದಿಂದ ನೋಡಿ. ನಿಧಾನ ನೆಟ್‌ನಲ್ಲಿ ನಕ್ಷೆಯೇ ತೆರೆಯದ ಕಡೆ ನಕ್ಷೆಯ ಮೇಲಿನ ದೂರಿನ ಬಟನ್ನೂ ತೆರೆದಿರುವುದಿಲ್ಲ.

ಆಮೇಲೆ ಎಷ್ಟು ಜನರಿಗೆ ತಟ್ಟುತ್ತದೆ, ಎಷ್ಟು ಕೆಟ್ಟದಾಗಿ ತಟ್ಟುತ್ತದೆ, ಸರಿಪಡಿಸಲು ಎಷ್ಟು ದಿನ ಎಂಬ ಲೆಕ್ಕ ಹಾಕಿ. ಖಾಸಗಿ ಮಾಹಿತಿ ಸೋರುವುದು, ಮಾಡಿದ ನಕ್ಷೆ ಅಳಿಸಿಹೋಗುವುದು, ಈ ಎರಡು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಒಬ್ಬರಿಗೇ ಆಗಿದ್ದರೂ ಅವೇ ಮೊದಲು.

ಬಣ್ಣದ ದೂರುಗಳು ಸಂಖ್ಯೆಯಲ್ಲಿ ಸದಾ ಕಡಿಮೆ, ಅದನ್ನು ನಂಬಿ ಮೋಸ ಹೋಗಬೇಡಿ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 8% ಜನರಿಗೆ ಕೆಂಪು-ಹಸಿರು ಬೇರ್ಪಡಿಸಿ ಕಾಣುವುದು ಕಷ್ಟ. ಬೇರೆ ಜನಸಮುದಾಯಗಳಲ್ಲಿ ಪ್ರಮಾಣ ಏರುಪೇರಾದರೂ ಶೂನ್ಯ ಎಲ್ಲೂ ಇಲ್ಲ. ಕೆಂಪು ಪಿನ್ ಮುಚ್ಚಿದೆ, ಹಸಿರು ಪಿನ್ ತೆರೆದಿದೆ ಎಂಬ ನಕ್ಷೆ ಅವರಿಗೆ ಒಂದೇ ಬಣ್ಣದ ಪಿನ್‌ಗಳ ರಾಶಿ. ತಮಗೆ ಕಾಣದೆ ಇರುವ ವ್ಯತ್ಯಾಸದ ಬಗ್ಗೆ ಅವರು ದೂರು ಕೊಡುವುದಾದರೂ ಹೇಗೆ? ಬಣ್ಣದ ಜೊತೆ ಆಕಾರವನ್ನೂ ಬದಲಿಸಿ.

ಹಂತ 7: ಸರಿಪಡಿಸಿ, ಅಳೆಯಿರಿ

ವೇಗದ ದೂರಿಗೆ ‘ನಮ್ಮಲ್ಲಿ ಬೇಗ ತೆರೆಯುತ್ತೆ’ ಎಂಬುದು ಉತ್ತರವಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಮುಟ್ಟಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಬೇಕು ಎಂಬ ಗೂಗಲ್‌ನ ಅಳತೆಗೋಲು ನಕ್ಷೆಗೂ ಒಪ್ಪುತ್ತದೆ. ಅದನ್ನು ಅಳೆಯಬೇಕಾದದ್ದು ಬಳಕೆದಾರರ ಫೋನಿನಲ್ಲಿ. ನಿಧಾನಕ್ಕೆ ಸಾಮಾನ್ಯ ಕಾರಣ ಎರಡು. ಹತ್ತು ಸಾವಿರ ಪಿನ್‌ಗಳನ್ನು ಹತ್ತು ಸಾವಿರ ಬಿಡಿ ಚಿತ್ರಗಳಾಗಿ ಪುಟಕ್ಕೆ ಸುರಿದರೆ ಯಾವ ಬ್ರೌಸರೂ ಏದುಸಿರು ಬಿಡುತ್ತದೆ. ಗೊಂಚಲು ಮಾಡಿ, ಇಲ್ಲವೇ ಎಲ್ಲವನ್ನೂ ಒಂದೇ ಕ್ಯಾನ್ವಾಸ್ ಮೇಲೆ ಬಿಡಿಸಿ. ಎರಡನೆಯದು ಟೈಲ್‌ಗಳದ್ದು. ಝೂಮ್ 0ರಲ್ಲಿ ಜಗತ್ತೇ ಒಂದು ಟೈಲ್, ಪ್ರತಿ ಮೆಟ್ಟಿಲಿಗೂ ನಾಲ್ಕು ಪಟ್ಟು. ಝೂಮ್ 14ಕ್ಕೆ ಬರುವಾಗ ಸುಮಾರು 26.8 ಕೋಟಿ. ಅಷ್ಟನ್ನೂ ಮೊದಲೇ ಬಿಡಿಸಿಡಲು ಆಗದು, ಹಾಗಾಗಿ ಯಾರೂ ಹೋಗದ ಜಾಗಕ್ಕೆ ಮೊದಲು ಹೋದವರು ಬೂದು ಚೌಕ ನೋಡುತ್ತ ಕಾಯುತ್ತಾರೆ. ಆ ಬೂದು ಚೌಕದ ಬದಲು ಮೇಲಿನ ಮಟ್ಟದ ಟೈಲನ್ನೇ ಹಿಗ್ಗಿಸಿ ಮಸುಕಾಗಿ ತೋರಿಸಿದರೂ ‘ಹ್ಯಾಂಗ್ ಆಗಿದೆ’ ಎಂಬ ದೂರು ಕಡಿಮೆಯಾಗುತ್ತದೆ.

ಬದಲಾವಣೆಯನ್ನು ಮೊದಲು ಕೆಲವರಿಗೆ ಬಿಡಿ, ಒಂದು ವಾರ ನೋಡಿ. ನಾನು ನಂಬುವ ಅಳತೆ ಒಂದೇ: ಹಂಚಿದ ಲಿಂಕುಗಳಲ್ಲಿ ಎಷ್ಟನ್ನು ಇನ್ನೊಬ್ಬರು ತೆರೆದು, ಕನಿಷ್ಠ ಒಂದು ಪಿನ್ ಮುಟ್ಟಿದರು? ಲಿಂಕ್ ಹುಟ್ಟಿದ ಎಣಿಕೆ ಮೇಲೇರಿ ಇದು ಕೆಳಗಿಳಿದರೆ, ಬಟನ್ ಚೆನ್ನಾಗಿದೆ, ನಕ್ಷೆ ಕೆಟ್ಟಿದೆ.

ಹಂತ 8: ತಿದ್ದುವ ಅಧಿಕಾರವನ್ನೂ ಕೊಡುವುದಾದರೆ

ದೂರು ಕೇಳುವ ಬದಲು ಜನರೇ ತಿದ್ದಲಿ ಎಂಬ ಆಸೆ ಎಲ್ಲರಿಗೂ ಒಮ್ಮೆ ಬರುತ್ತದೆ. ಗೂಗಲ್ 2008ರಲ್ಲಿ ಮ್ಯಾಪ್ ಮೇಕರ್ ಮೂಲಕ ಅದನ್ನೇ ಮಾಡಿತು. 2015ರಲ್ಲಿ ಯಾರೋ ಆ್ಯಂಡ್ರಾಯ್ಡ್ ಗೊಂಬೆಯು ಆ್ಯಪಲ್ ಲಾಂಛನದ ಮೇಲೆ ಮೂತ್ರ ಮಾಡುವ ಚಿತ್ರವನ್ನು ಪಾರ್ಕಿನಂತೆ ನಕ್ಷೆಯಲ್ಲಿ ಬಿಡಿಸಿದರು, ಅದು ಪರಿಶೀಲನೆಯನ್ನು ದಾಟಿ ಪ್ರಕಟವೂ ಆಯಿತು. ತಿದ್ದುವ ಸೌಲಭ್ಯವನ್ನು ಕೆಲಕಾಲ ನಿಲ್ಲಿಸಬೇಕಾಯಿತು. 2017ರಲ್ಲಿ ಮ್ಯಾಪ್ ಮೇಕರ್ ಮುಚ್ಚಿತು. ಇದರಿಂದ ನಾನು ಕಲಿತದ್ದು ಜನರನ್ನು ನಂಬಬಾರದು ಎಂದಲ್ಲ. ಯಾರು, ಯಾವಾಗ, ಏನು ಬದಲಿಸಿದರು ಎಂಬ ಇತಿಹಾಸವೂ ಒಂದೇ ಒತ್ತಿಗೆ ಹಿಂದಿನ ಸ್ಥಿತಿಗೆ ಮರಳುವ ದಾರಿಯೂ ಸಿದ್ಧವಾಗುವವರೆಗೆ ತಿದ್ದುವ ಬಾಗಿಲು ತೆರೆಯಬಾರದು.

ಹೊರಗಿನವರ ತಿದ್ದುಪಡಿ ನೇರವಾಗಿ ನಕ್ಷೆಗೆ ಹೋಗದೆ ನಕ್ಷೆಯ ಒಡೆಯರ ಮುಂದೆ ಸಲಹೆಯಾಗಿ ನಿಲ್ಲಲಿ. ಇಬ್ಬರು ಒಂದೇ ಜಾಗಕ್ಕೆ ಎರಡು ಹೆಸರು ಹೇಳಿ ಜಗಳಕ್ಕೆ ನಿಂತರೆ ನೀವು ನ್ಯಾಯಾಧೀಶರಾಗಲು ಹೋಗಬೇಡಿ. ಆ ಜಾಗದಲ್ಲಿ ನಿಂತವರಿಗೆ ಫಲಕದಲ್ಲಿ ಏನು ಕಾಣುತ್ತದೆ ಎಂಬುದೇ ಮುಖ್ಯ ಹೆಸರು, ಇನ್ನೊಂದನ್ನು ಪರ್ಯಾಯ ಹೆಸರಾಗಿ ಇಟ್ಟುಕೊಳ್ಳಿ ಎಂಬ ಓಪನ್‌ಸ್ಟ್ರೀಟ್‌ಮ್ಯಾಪಿನ ರೂಢಿ ಬಹಳಷ್ಟು ಜಗಳಗಳನ್ನು ಮೊಳಕೆಯಲ್ಲೇ ಚಿವುಟುತ್ತದೆ.

ಹಂತ 9: ಉತ್ತರ ಕೊಡಿ

‘ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಸಾಲು ಕಂಡರೆ ಯಂತ್ರ ಮಾತಾಡಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಉತ್ತರದಲ್ಲಿ ಮೂರು ಸಂಗತಿ ಸಾಕು: ಏನಾಗಿತ್ತು, ಏನು ಮಾಡಿದೆವು, ನೀವು ಈಗ ಏನು ಮಾಡಬೇಕು. ಆ ನೀಲಿ ಪರದೆಯವರಿಗೆ ನಾವು ಕೊನೆಗೆ ಬರೆದದ್ದು ಹೀಗಿತ್ತು:

‘ನಮಸ್ಕಾರ. ನಿಮ್ಮ ಪಟ್ಟಿಯ ಮೊದಲ ಸಾಲಿನಲ್ಲಿ ಜಾಗದ ಅಂಕಿಗಳು ಖಾಲಿ ಇದ್ದವು. ನಮ್ಮ ಪ್ರೋಗ್ರಾಮ್ ಅದನ್ನು ಸಮುದ್ರದ ನಡುವಿನ ಬಿಂದು ಎಂದು ತಪ್ಪಾಗಿ ಓದಿ, ಲಿಂಕ್ ತೆರೆದವರನ್ನು ಅಲ್ಲಿಗೆ ಕಳಿಸುತ್ತಿತ್ತು. ತಪ್ಪು ನಮ್ಮದು. ಇನ್ನು ಮುಂದೆ ಖಾಲಿ ಸಾಲುಗಳಿದ್ದರೆ ಪಟ್ಟಿ ಏರಿಸುವಾಗಲೇ ಯಾವ ಸಾಲು ಎಂದು ತೋರಿಸುತ್ತದೆ. ನಿಮ್ಮ ಹಳೆಯ ಲಿಂಕ್ ಬದಲಾಗಿಲ್ಲ, ಕಳಿಸಿದವರಿಗೆ ಮತ್ತೆ ಕಳಿಸಬೇಕಿಲ್ಲ.’

ಕೊನೆಯ ವಾಕ್ಯವನ್ನು ಮೊದಲ ಕರಡಿನಲ್ಲಿ ನಾವು ಬರೆದಿರಲಿಲ್ಲ. ಅವರಿಗೆ ಮುಖ್ಯವಾಗಿದ್ದದ್ದು ಅದೊಂದೇ.

ಮಾಡಲಾಗದ್ದಕ್ಕೂ ಹಾಗೆಯೇ ಉತ್ತರಿಸಿ, ‘ಪರಿಶೀಲಿಸುತ್ತೇವೆ’ ಎಂದು ತೇಲಿಸಬೇಡಿ. ‘ಇದನ್ನು ಮಾಡುವುದಿಲ್ಲ, ಕಾರಣ ಇದು’ ಎಂದರೆ ಒಂದಿಬ್ಬರಿಗೆ ಸಿಟ್ಟು ಬರಬಹುದು, ಆದರೆ ಕಾಯುತ್ತ ಕೂರುವ ಬದಲು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ. ಹಾಗೆ ತಳ್ಳಿಹಾಕಿದ್ದನ್ನೆಲ್ಲ ದಿನಾಂಕ, ಕಾರಣ ಸಮೇತ ಒಂದು ಪಟ್ಟಿ ಮಾಡಿಡಿ. ನಕ್ಷೆಯ ಲೈಬ್ರರಿ ಅಥವಾ ಟೈಲ್ ಒದಗಿಸುವವರು ಬದಲಾದಾಗಲೆಲ್ಲ ಆ ಪಟ್ಟಿ ತೆರೆಯಿರಿ. ಅಂದು ಆಗದಿದ್ದದ್ದು ಇಂದು ಒಂದು ಮಧ್ಯಾಹ್ನದ ಕೆಲಸವಾಗಿರಬಹುದು, ಕೇಳಿದವರ ಇಮೇಲ್ ಹೇಗೂ ಪಕ್ಕದಲ್ಲೇ ಇರುತ್ತದೆ.